ಹದಿನೆಂಟು, ಹತ್ತೊಂಬತ್ತು

ಮೂವತ್ತೊಂದು ವರ್ಷ ಎಣಿಸಿದ್ದೇನೆ,
ಹಾರ್ಮ್‌ನ ಉಸಿರು ನಿಂತಲ್ಲಿಂದ ಮತ್ತೆ ಹೊರಡುವ ತನಕ.
ಹದಿನೆಂಟು, ಹತ್ತೊಂಬತ್ತು. ಒಮ್ಮೆ ನಲವತ್ತಮೂರು.
ಆಮೇಲೆ, ಮುಳುಗಿದವನು ತಲೆ ಎತ್ತಿದ ಹಾಗೆ
ಕಿಟಕಿಯ ಗಾಜು ಅದುರುವ ಒಂದು ಗೊರಕೆ.

ಎಮ್ಡನ್ ಬಂದರಿನಲ್ಲಿ ಟಗ್ ದೋಣಿ ನಡೆಸುವವನು;
ಚುಕ್ಕಾಣಿ ಹಿಡಿದೇ ತೂಕಡಿಸಿ
ನಡುಹಗಲಲ್ಲಿ ಧಕ್ಕೆಗೆ ಗುದ್ದಿದ.
ಮುಖಕ್ಕೆ ಮಾಸ್ಕು ಕೊಟ್ಟರು, ಸೊಂಡಿಲಿನಂಥ ಕೊಳವೆ.
ನಿದ್ದೆಗಣ್ಣಲ್ಲೇ ಕಿತ್ತೆಸೆಯುತ್ತಿದ್ದ. ಬೆಳಗಾದರೆ ಅದು
ಬೆಕ್ಕಿನ ಬುಟ್ಟಿಯಲ್ಲಿ ಒಂದೇ ಸಮ ಬುಸುಗುಡುತ್ತಿತ್ತು.

ಡಾಕ್ಟರ್ ಟೆಬ್ಬೆನ್ ಲಕೋಟೆಯ ಹಿಂಬದಿಗೆ ಚಿತ್ರ ಬರೆದಳು:
ದವಡೆಯ ಕೆಳಗೆ ಎರಡಂಗುಲ ಸೀಳು,
ಅಲ್ಲಿ ನಾಲಿಗೆಯ ನರ, ಶಾವಿಗೆ ಎಳೆಯಷ್ಟು.
ಒಂದು ಕವಲು ನಾಲಿಗೆಯನ್ನು ಮುಂದಕ್ಕೆ ನೂಕುತ್ತದೆ,
ಇನ್ನೊಂದು ಹಿಂದಕ್ಕೆ ಎಳೆಯುತ್ತದೆ.
ನೂಕುವುದಕ್ಕೆ ಮಾತ್ರ ಪಟ್ಟಿ ಸುತ್ತಬೇಕು;
ಎಳೆಯುವುದು ಜೊತೆಗೆ ಸೇರಿತೋ, ಕೆಟ್ಟಿತು.
ನಾನು ತಲೆಯಾಡಿಸಿದೆ. ಎಳೆಯುವ ಕವಲು
ಮದುವೆಯಾದಂದಿನಿಂದ ನನಗೆ ಪರಿಚಯ:
ಬೆಳಿಗ್ಗೆ ಒಂದು ‘ಮೊಯಿನ್’, ರಾತ್ರಿ ಅದೂ ಇಲ್ಲ.

ಎರಡೂವರೆ ತಾಸು. ಕರೆಂಟು ಮುಟ್ಟಿಸಿದಾಗ
ಎಚ್ಚರವಿಲ್ಲದವನ ನಾಲಿಗೆ ಮುಂದೆ ಬಂತಂತೆ,
ಬಾಗಿಲ ಸಂದಿಯಿಂದ ಇಣುಕುವ ಮಗುವಿನ ಹಾಗೆ.
ಹಾಗೆಂದವಳು ನರ್ಸು. ಡಾಕ್ಟರ್ ಅಂದದ್ದು ‘ಸರಿಯಾಗಿದೆ’, ಅಷ್ಟೆ.
ಕೊರಳೆಲುಬಿನ ಕೆಳಗೆ ಬೆಂಕಿಪೆಟ್ಟಿಗೆಯಷ್ಟು ಉಬ್ಬು.
ಗಾಯ ಮಾಯಲು ಒಂದು ತಿಂಗಳು, ಅಲ್ಲಿಯ ತನಕ ಯಂತ್ರ ಮೂಕ.
ನಾನು ಎಣಿಸುತ್ತಲೇ ಇದ್ದೆ.

ಈಗ ಮಲಗುವ ಮುನ್ನ ರಿಮೋಟನ್ನು ಎದೆಗಿಟ್ಟು ಒತ್ತುತ್ತಾನೆ.
ಅರ್ಧ ಗಂಟೆ ಬಿಟ್ಟು ಯಂತ್ರ ಕೆಲಸಕ್ಕೆ ಇಳಿಯುತ್ತದೆ.
ಮನೆ ಎಷ್ಟು ನಿಶ್ಶಬ್ದವೆಂದರೆ
ಸಂಜೆಯ ಚಹಾದಲ್ಲಿ ಚಟ್ಟನೆ ಬಿರಿದ ಕಲ್ಲುಸಕ್ಕರೆ
ಇನ್ನೂ ಕಿವಿಯಲ್ಲಿರುತ್ತದೆ. ನನಗೆ ನಿದ್ದೆಯಿಲ್ಲ.

ನವೆಂಬರಿನಲ್ಲಿ ಜಗಳ. ನನ್ನಪ್ಪನ ಹಿತ್ತಾಳೆ ಬ್ಯಾರೋಮೀಟರನ್ನು
ಒಂದು ಮಾತೂ ಕೇಳದೆ ತಮ್ಮನಿಗೆ ಕೊಟ್ಟುಬಿಟ್ಟಿದ್ದ.
ಎಲುಬಿಲ್ಲದ ನಾಲಿಗೆ ನನ್ನದು, ಏನೇನೋ ಅಂದೆ.
ಅವನದು ಒಳಗೇ ಉಳಿಯಿತು. ಗುಂಡಿ ಒತ್ತದೆ ಮಲಗಿದ.

ಹದಿನೆಂಟು. ಹತ್ತೊಂಬತ್ತು. ಇಪ್ಪತ್ತಾರು.
ಇವತ್ತೊಂದು ರಾತ್ರಿ ಹೀಗೇ ಇರಲಿ, ಅಂದುಕೊಂಡೆ.
ಮೂವತ್ತೆರಡಕ್ಕೆ ಅವನ ಮೇಲಿಂದ ಕೈ ಚಾಚಿ
ಕತ್ತಲಲ್ಲಿ ರಿಮೋಟು ತಡವಿ
ಉಬ್ಬಿನ ಮೇಲಿಟ್ಟು ಒತ್ತಿದೆ.
ಮತ್ತೆ ಅರ್ಧ ಗಂಟೆ ಎಣಿಸಿದೆ.

ಆಮೇಲೆ, ಉಸಿರಿಗೊಂದು ಸಲ,
ತಪ್ಪಾಯ್ತು ಅನ್ನದ ಆ ನಾಲಿಗೆ
ಮುಂದೆ ಬಂತು.

ಬ್ಯಾರೋಮೀಟರು ಇನ್ನೂ ಲೇರ್ ಊರಿನಲ್ಲೇ ಇದೆ,
ಅವನ ತಮ್ಮನ ಗೋಡೆಯ ಮೇಲೆ.