ನೆಲ ಮುಟ್ಟಿದ ಮೇಲೆ

ಸಿದ್ದಾಪುರ ದಾಟಿ ಗುಹ್ಯದ ಕಡೆಗಿನ ತೋಟ.
ಫೆಬ್ರವರಿ. ಸಿಲ್ವರ್ ಓಕಿನ ಮೈತುಂಬ ಮೆಣಸು,
ಗೊಂಚಲಿಗೊಂದು ಕಾಳು ಕೆಂಪು ತಿರುಗಿದೆ.
ಒಂಟಿ ಬಿದಿರಿನ ಏಣಿ, ಗಿಣ್ಣಿಗೊಂದು ಗೂಟ.
ಬುಡದಲ್ಲಿ ನಾನು, ನನ್ನ ಪೆಟ್ಟಿಗೆ,
ಮತ್ತು ಚಾತೆ.

ಮೀನಖಂಡಕ್ಕೊಂದು ಪಟ್ಟಿ, ಹಣೆಗೊಂದು.
ಬಿಸಿಲು ಒಳಗೆ ನುಗ್ಗದಂತೆ ಮೇಲೆ ಕಪ್ಪು ಬಟ್ಟೆ.
"ದೇವರು ಬರಿಸ್ತೀರಾ ಅಕ್ಕ?"
ಆಚೆ ಸಾಲಿನ ಹೆಂಗಸರು ನಕ್ಕರು.
ನಾನೂ ನಕ್ಕು, ಗುಂಡಿ ಒತ್ತಿದೆ.

"ಕರೆಂಟು ಹೋದಾಗ ಟಾರ್ಚಿನ ಬಾಯಿಗೆ
ಅಂಗೈ ಮುಚ್ಚಿ ಆಡಿದ್ದೀಯಲ್ಲ,
ಬೆರಳು ಕೆಂಡದ ಹಾಗೆ ಕಾಣ್ತದಲ್ಲ, ಅದೇ.
ಈ ಬೆಳಕು ಮಾತ್ರ ಕಣ್ಣಿಗೆ ಬೀಳೋದಿಲ್ಲ.
ಚರ್ಮ ದಾಟಿ ಹೋಗಿ, ನೆತ್ತರನ್ನು ಮಾತಾಡಿಸಿ,
ಉಸಿರೆಷ್ಟು ಉಳಿದಿದೆ ಅಂತ ಕೇಳಿಕೊಂಡು
ಎರಡು ಬೆರಳು ಆಚೆಗೆ ಹೊರಬರ್ತದೆ."
ಅವನು ಅಂಗೈ ತಿರುಗಿಸಿ ನೋಡಿಕೊಂಡ.
"ಹೋದದ್ದೆಲ್ಲ ವಾಪಸ್ ಬರ್ತದಾ?"
ಇಲ್ಲ. ಬಹಳಷ್ಟು ಒಳಗೇ ಉಳಿಯುತ್ತದೆ.

ಕಪ್ಪು ತೊಗಲಿನಲ್ಲಿ ಇನ್ನೂ ಹೆಚ್ಚು.
ಇದನ್ನು ಮಾಡಿದವರು ಮೊದಲು
ಯಾರ ತೋಳಿಗೆ ಕಟ್ಟಿ ನೋಡಿದರೋ.
ಬೆಳಕನ್ನು ಎರಡು ಮೆಟ್ಟಿಲು ಏರಿಸಿದೆ.

ಎರಡು ನಿಮಿಷ ಸುಮ್ಮನಿರು, ಏನನ್ನೂ ನೆನೆಯಬೇಡ ಎಂದೆ.
ಪ್ರಯತ್ನಪಟ್ಟ, ಪಾಪ. ಗೆರೆ ತುಳುಕಿತು.

ಹತ್ತಿದ.
ಹತ್ತಡಿಗೆ ಕಾಲಿನ ಕೆಂಪು ಗೆರೆ ಇಳಿಯತೊಡಗಿತು,
ಇಪ್ಪತ್ತಕ್ಕೆ ನೀಲಿ ಅದನ್ನು ಅಡ್ಡ ಹಾಯ್ದು ಮೇಲೆ ಹೋಯಿತು.
ಮೂವತ್ತಡಿಯಲ್ಲಿ ಬಿದಿರಿಗೆ ಒಂದು ಕಾಲು ಸುತ್ತಿ
ಎರಡೂ ಕೈ ಬಳ್ಳಿಗೆ ಕೊಟ್ಟು ನಿಂತ.
ತೋಡಿನ ಕಡೆ ಲಟಕ್ಕನೆ ಕೊಂಬೆ ಮುರಿಯಿತು.
ಹೆಂಗಸರ ಮಾತು ನಿಂತಿತು. ನನ್ನ ಪೆನ್ನು ಬಿತ್ತು.
ಅವನ ಹಣೆಯ ಗೆರೆ
ಬಟ್ಟೆ ಹಾಕದ ಹಗ್ಗದಂತೆ ಹಾಗೇ ಇತ್ತು.
"ಹೆಣ್ಣಾನೆ," ಮೇಲಿಂದ ಹೇಳಿದ, "ಮರಿ ಉಂಟು.
ಆಚೆ ಹೋಗ್ತಾ ಉಂಟು."

ಇಳಿದ. ನಲವತ್ತು ಸೆಕೆಂಡಿಗೆ ಕಾಲು
ತನ್ನ ಸಾಲವನ್ನೆಲ್ಲ ತೀರಿಸಿಕೊಂಡಿತು.
ನಿಲ್ಲಿಸಬೇಕಿತ್ತು. ಕಾಗದದಲ್ಲಿ ಹಾಗೇ ಬರೆದಿತ್ತು:
ಪಾದ ನೆಲ ಮುಟ್ಟಿದಲ್ಲಿಗೆ ಪ್ರಯೋಗ ಮುಗಿಯಿತು.
ಪೆನ್ನು ಹುಡುಕುತ್ತಿದ್ದೆ.
ಚೀಲ ತಕ್ಕಡಿಗೆ ಬಿತ್ತು.

"ಇಪ್ಪತ್ತೇಳು," ಎಂದರು ರೈಟರ್,
ಮುಳ್ಳು ಇನ್ನೂ ನಡುಗುತ್ತಿರುವಾಗಲೇ.

ಆಗ ಎದ್ದಿತು ಹಣೆಯ ಕೆಂಪು ಗೆರೆ.
ಇಡೀ ಮರ ಹತ್ತುವಾಗ ಏಳದ್ದು,
ಆನೆಗೆ ಏಳದ್ದು,
ಪರದೆಯ ಅಂಚು ದಾಟಿ ಹೋಯಿತು.
ಅಕ್ಷರ ಬರೆಯದವನು ಅಲ್ಲಿ, ಕಪ್ಪು ಬಟ್ಟೆಯ ಹಿಂದೆ,
ಸೋಮವಾರದ ಮೂವತ್ತೊಂದು, ನಿನ್ನೆಯ ಇಪ್ಪತ್ತೆರಡೂವರೆ,
ಚೀಲದ ತೂಕ, ಮುಂಗಡದ ನಾನೂರು
ಎಲ್ಲವನ್ನೂ ಒಂದೊಂದಾಗಿ ಇಳಿಸಿ ಏರಿಸುತ್ತಿದ್ದ.
"ಇಪ್ಪತ್ತೆಂಟೂವರೆ ಉಂಟು. ಮುಳ್ಳು ನಿಲ್ಲಲಿ."
ಮೆಲ್ಲಗೆ ಹೇಳಿದ, ತಕ್ಕಡಿಗೇ ಹೇಳಿದಂತೆ.
ಪುಸ್ತಕದಲ್ಲಿ ಇಪ್ಪತ್ತೇಳು ಆಗಲೇ ಒಣಗಿತ್ತು.

ರಾತ್ರಿ ಲಾಡ್ಜಿಗೆ ಮೇಷ್ಟರ ಫೋನು:
"ನೆಲ ಮುಟ್ಟಿದ ಮೇಲಿನದ್ದು ಬೇಡ, ಕತ್ತರಿಸು."
ಸರಿಯೇ. ಕೇಳಿದ್ದು ಹತ್ತುವ ದಣಿವನ್ನು.
ಕತ್ತರಿಸಿದೆ, ಒಂದು ನಿಮಿಷ ಐವತ್ತು ಸೆಕೆಂಡು.
ಉಳಿಸುವುದಾದರೆ ಹೆಸರು ಕೊಡು ಎಂದಿತು ಕಂಪ್ಯೂಟರು.
ತುಸು ಹೊತ್ತು ಕೂತೆ.
'ಒಂದೂವರೆ ಕಿಲೋ' ಎಂದು ಬರೆದೆ.