ಐವತ್ತೆಂಟು ಲಕ್ಷದ ಚಿಲ್ಲರೆ

ನಂಬರ್ ಹೊಡೆಯುವ ಕೆಲಸ ನನ್ನದು,
ದುರ್ಗಿಗುಡಿ ಅಡ್ಡರಸ್ತೆಯ ಪ್ರೆಸ್ಸಿನಲ್ಲಿ.
ಏಳು ಚಕ್ರದ ಮಿಷನ್ನು. ಒತ್ತಿದರೆ ಟಕ್,
ಕಡೇ ಚಕ್ರ ಒಂದು ಹಲ್ಲು ಮುಂದೆ.
ಭದ್ರಾವತಿ ರಸ್ತೆಯ ವೇಬ್ರಿಡ್ಜಿನ ರಸೀದಿ ಪುಸ್ತಕ:
ತುಂಬಿದ ಲಾರಿ, ಖಾಲಿ ಲಾರಿ, ಸಹಿ.

ಪ್ರಶ್ನೆಪತ್ರಿಕೆಯ ಪ್ರೂಫಿಗೆ ಕಾದು ಕೂತ ಐರಿನ್ ಟೀಚರ್
ಮೇಲಿನ ಹಾಳೆಯ ಮೇಲೆ ಬೆರಳಿಟ್ಟರು.
5882353.
‘ಇದು ಸುಲಭಕ್ಕೆ ಬಗ್ಗೋದಲ್ಲ, ಹೂವಮ್ಮಾ.’

ಕತ್ತರಿಸಿ ಬಿದ್ದ ಕಾಗದದ ಪಟ್ಟಿಗಳ ಮೇಲೆ ಶುರುವಾಯಿತು.
ಮೂರರಿಂದ ಭಾಗಿಸಿದರೆ ಒಂದು ಉಳಿಯಿತು,
ಏಳರಿಂದಲೂ ಒಂದೇ.
ಹನ್ನೊಂದಕ್ಕೆ ನಾಲ್ಕು, ಹದಿಮೂರಕ್ಕೆ ಒಂಬತ್ತು,
ಹದಿನೇಳಕ್ಕೆ ಹದಿಮೂರು.
‘ಎಲ್ಲೀ ತನಕ?’ ಅಂದೆ.
‘ಎರಡು ಸಾವಿರದ ನಾನೂರ ಇಪ್ಪತ್ತೈದು.
ಅದರಾಚೆ ಯಾರಾದರೂ ಭಾಗಿಸುವುದಾದರೆ
ಅವರ ಜೊತೆಗಾರ ಈಚೆಗೇ ಸಿಕ್ಕಿರಬೇಕು.’
ಅಷ್ಟರೊಳಗೆ ಅವಿಭಾಜ್ಯಗಳು ಮುನ್ನೂರ ಅರವತ್ತಂತೆ.
ಒಂದೊಂದನ್ನೂ ನಿಲ್ಲಿಸಿ ಕೇಳಬೇಕು,
ಸಂತೆಯಲ್ಲಿ ಕಳಕೊಂಡ ಕೊಡೆ ಕೇಳಿದ ಹಾಗೆ.

ನಾಲ್ಕು ಸಂಜೆ ಕೇಳಿದರು.
ಯಾರೂ ಹೌದೆನ್ನಲಿಲ್ಲ.

ಐದನೇ ದಿನ ತೂತು ಹೊಡೆಯುವ ಮಿಷನ್ನಿಗೆ ಆ ಕಟ್ಟು ಹೋಯಿತು.
ತೇವಕ್ಕೆ ಉಬ್ಬಿದ ಕಾಗದ, ಹೋಗಿ ಬರುವ ಕರೆಂಟು.
ಒಂದು ಹಾಳೆ, ಆ ಒಂದೇ ಹಾಳೆ, ಓರೆಯಾಗಿ ನುಗ್ಗಿ
ಅಂಕಿಗಳ ನಡುವೆಯೇ ಸಾಲು ಬಿತ್ತು. ಎಳೆದರೆ
588 ನನ್ನ ಕೈಯಲ್ಲಿ,
2353 ಮಿಷನ್ನಿನ ಬಾಯಲ್ಲಿ.

‘ಒಂದು ನಂಬರ್ ತಪ್ಪಿದರೆ ಆಡಿಟಿಗೆ ನಿಮ್ಮಪ್ಪ ಉತ್ತರ ಕೊಡ್ತಾನಾ?’
ಗುರುಬಸಪ್ಪನವರ ಬೈಗುಳ ಕೇಳುತ್ತಲೇ
ಕಡ್ಡಿಯಲ್ಲಿ ಚಕ್ರ ಹಿಂದಕ್ಕೆ ತಿರುಗಿಸಿ
ಹೊಸ ಹಾಳೆಗೆ ಅದನ್ನೇ ಹೊಡೆದೆ.

ಹರಿದದ್ದನ್ನು ಟೀಚರಿಗೆ ಕೊಟ್ಟೆ.
‘ಮುನ್ನೂರ ಅರವತ್ತು ಮಂದಿ ಒಡೆಯದ್ದನ್ನ
ನಾನು ಒಡೆದುಹಾಕಿದೆ ಟೀಚರ್.’
ಅವರು ನಗಲಿಲ್ಲ. ಸುಮ್ಮನೆ ಕೂರಲಾಗದ ಕೈ,
ಎಡದ ಚೂರನ್ನು ಅದರಿಂದಲೇ ಗುಣಿಸಿತು: 345744.
ಬಲದ್ದನ್ನೂ: 5536609.
ಗೆರೆ ಎಳೆದು, ಬಿಡಿಸ್ಥಾನದಿಂದ ಕೂಡಿಸತೊಡಗಿದರು.
ಮೂರು. ಐದು. ಮೂರು. ಎರಡು.
ಪೆನ್ಸಿಲ್ಲು ನಿಧಾನವಾಯಿತು.
ಎಂಟು ಬರೆಯುವ ಮೊದಲೇ ನನಗೆ ಗೊತ್ತಾಯಿತು,
ನಾನೇ ಒತ್ತಿದ ಅಂಕಿಗಳಲ್ಲವೆ.
ಇನ್ನೊಂದು ಎಂಟು. ಐದು.

ಬಹಳ ಹೊತ್ತಾದ ಮೇಲೆ ಅಂದರು:
‘ಇಂಥದ್ದನ್ನ ಎರಡು ವರ್ಗಗಳಾಗಿ ಬಿಡಿಸೋಕೆ
ಇರೋದು ಒಂದೇ ದಾರಿ.
ನೀನು ಸರಿಯಾಗಿ ಅಲ್ಲೇ ಹರಿದಿದ್ದೀಯ.’

ಅಷ್ಟು ಹೇಳಿ ಚೂರುಗಳನ್ನು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು
ಪ್ರೂಫ್ ಮರೆತು ಹೋದರು.

ಅದರ ತದ್ರೂಪು ಈಗ ವೇಬ್ರಿಡ್ಜಿನ ಮೊಳೆಗೆ ಚುಚ್ಚಿಕೊಂಡಿರಬೇಕು,
ಯಾವುದೋ ಜಲ್ಲಿ ಲಾರಿಯ ತೂಕ ಹೊತ್ತು.
ನನ್ನ ಮಿಷನ್ನಿನಲ್ಲಿ ಚಕ್ರ ತಾನಾಗಿ ಸರಿದು
ನಾಲ್ಕರಲ್ಲಿ ನಿಂತಿತ್ತು.
ಸಮಸಂಖ್ಯೆ. ಪಾಪ,
ಎರಡಕ್ಕೇ ಬಗ್ಗಿತು.