ಮೂವತ್ತೊಂಬತ್ತನೇ ಪುಟದ ಪದ

ವಿದ್ಯಾನಗರ, ಕಲೆಕ್ಟರೇಟಿನ ಎರಡನೇ ಮಹಡಿ.
ಮೇಜಿನ ಮೇಲೆ ಮೂವತ್ತೊಂಬತ್ತನೇ ಪುಟ:
ದೇಶದ ಕೈತಪ್ಪಿ ಹೋದ ಇಂಗಾಲದ
ಐವತ್ತು ವರ್ಷಗಳ ಲೆಕ್ಕ.
ಮಲಯಾಳದಲ್ಲಿ ಆಗಿದೆ. ಕನ್ನಡದಲ್ಲೂ ಆಗಬೇಕು,
ಭಾಷಾ ಅಲ್ಪಸಂಖ್ಯಾತರ ಹಕ್ಕು ಅದು,
ಶುಕ್ರವಾರದೊಳಗೆ.

ಸುಟ್ಟು ಕೆಲಸ ಮಾಡಿದ ಹೊಗೆಗೆ ಬೇರೆ ಪುಟಗಳಿವೆ,
ರೈಲು ಎಳೆದದ್ದು, ಸಿಮೆಂಟು ಅರೆದದ್ದು.
ಇದು ಯಾರ ಗಂಜಿಯನ್ನೂ ಬೇಯಿಸದೆ ಹೋದದ್ದು:
ಎಲ್ಲೋ ಎಣ್ಣೆಬಾವಿಯ ಬಾಯಲ್ಲಿ
ಹಗಲಿರುಳು ಸುಮ್ಮನೆ ಉರಿದ ಜ್ವಾಲೆ,
ಅಗೆದಿಟ್ಟ ಕಲ್ಲಿದ್ದಲ ಗೋಡೆಯ ನಿಟ್ಟುಸಿರು,
ಕೊಳವೆಯ ಕೀಲು ಸಡಿಲಾದಲ್ಲಿ
ಒಂದು ಸ್ಸ್.

ಗೆರೆ ಏರುತ್ತದೆ. ಏರಿ, ಒಂದು ಕಡೆ ಧೊಪ್ಪನೆ ಇಳಿಯುತ್ತದೆ.
ಖುಷಿಯಾಯಿತು. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ:
ಈ ವರ್ಷದಿಂದ ಎಣಿಸುವ ಕ್ರಮ ಬದಲಾಗಿದೆ.

ನಾನು ಹುಟ್ಟಿದ ವರ್ಷದ ಎದುರು ಒಂದು ಸಣ್ಣ ಅಂಕಿ,
ಅದರ ತಲೆಯ ಮೇಲೊಂದು ನಕ್ಷತ್ರ.
ನಕ್ಷತ್ರ ಎಂದರೆ ಅಂದಾಜು.
ನನ್ನ ಜಾತಕದಲ್ಲೂ ಒಂದು ಉಂಟು, ಅದೂ ಅಂದಾಜೇ,
ಅಮ್ಮ ಹೆತ್ತ ಕೋಣೆಯಲ್ಲಿ ಗಡಿಯಾರ ಇರಲಿಲ್ಲ.
ಆ ವರ್ಷ ಹೋದದ್ದರಲ್ಲಿ ಬಹಳಷ್ಟು ಇನ್ನೂ ಮೇಲೆಯೇ ಉಂಟಂತೆ,
ನನ್ನ ಓರಗೆಯದು,
ನನಗಿಂತ ಆಯುಸ್ಸು ಗಟ್ಟಿ.

ಈಗ ಪದ.
ಪರಾರಿ ಎಂದು ಬರೆದೆ. ಪೊಲೀಸ್ ನೋಟಿಸಿನ ವಾಸನೆ ಬಂತು.
ತಲೆಮರೆಸಿಕೊಂಡ. ತಲೆಯೆಲ್ಲಿ ಅದಕ್ಕೆ?
ಓಡಿಹೋದ. ಉಪ್ಪಳದ ಬಸ್ ಸ್ಟ್ಯಾಂಡಿನಲ್ಲಿ
ಹಾಗೆ ಹೇಳುವುದು ಹುಡುಗಿಯರ ಬಗ್ಗೆ ಮಾತ್ರ.
ನಿಘಂಟು ತೆರೆದರೆ: ಕ್ಷಣಿಕ.
ಕ್ಷಣಿಕವಂತೆ!

ಸಂಜೆ ಚೆರ್ಕಳದಲ್ಲಿ ಅಂಬು ಮಣಿಯಾಣಿಯನ್ನು ಕೇಳಿದೆ.
ಹಳದಿ ಗುರುತುಕಲ್ಲುಗಳ ಸಾಲು ಹಿಡಿದು
ನೆಲದಡಿಯ ಅನಿಲ ಕೊಳವೆಯ ನೆತ್ತಿಯ ಮೇಲೆ
ದಿನಕ್ಕೆ ಎಂಟು ಕಿಲೋಮೀಟರ್ ನಡೆಯುವವ,
ಪುಸ್ತಕದಲ್ಲಿ ದಿನವೂ ಒಂದೇ ಪದ ಬರೆಯುವವ: ಇಲ್ಲ.
ಮನೆಯಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು,
ನನ್ನೊಡನೆ ಕನ್ನಡ. ಕನ್ನಡ ಬರೆಯುವವರೆಲ್ಲ
ಅವನಿಗೆ ಟೀಚರ್.

"ಓಡ್ಲಿಕ್ಕೆ ಅದಕ್ಕೆ ಕಾಲುಂಟಾ ಟೀಚರೇ?
ಬೇಲಿ ಕಟ್ಟದವ ದನದ ಮೇಲೆ ದೂರು ಹೇಳಿದ ಹಾಗಾಯ್ತು.
ಬಿಟ್ಟದ್ದು ಅಂತ ಬರೀರಿ."

ಬರೆದೆ. ಕಾಲಮಿನ ಅಗಲಕ್ಕೆ ಸರಿಯಾಗಿ ಕೂತಿತು.
ಆದರೆ ನಮ್ಮ ವ್ಯಾಕರಣ ಸುಮ್ಮನಿರುವುದಿಲ್ಲ,
ಬಿಟ್ಟದ್ದು ಎಂದ ಕೂಡಲೇ ಕೇಳುತ್ತದೆ, ಯಾರು?
ಕೋಷ್ಟಕದಲ್ಲಿ ಕರ್ತೃವಿಗೆ ಕಾಲಂ ಇಲ್ಲ.

ಸೂಪರಿಂಟೆಂಡೆಂಟ್ ರತ್ನಾವತಿ ಮೇಡಂ ಕೆಂಪು ಪೆನ್ನು ಎಳೆದರು.
"ಫ್ಯುಜಿಟಿವ್ ಹೊರಸೂಸುವಿಕೆ ಎಂದೇ ಇರಲಿ ಮಾರಾಯ್ತಿ,
ಬೆಂಗಳೂರಿನವರೂ ಹಾಗೇ ಬರೆಯುವುದು."
ಹಾಗೇ ಅಚ್ಚಾಯಿತು. ಇನ್ನೂರು ಪ್ರತಿ.

ಶನಿವಾರ ಅಂಬು ಅಡುಗೆಮನೆಗೆ ಬಂದು ಮೂಗೆಳೆದ.
ಐಸ್‌ಕ್ರೀಮಿನ ಖಾಲಿ ಡಬ್ಬಿಯಲ್ಲಿ ಸಾಬೂನು ಕದಡಿ
ಹಳೆಯ ಶೇವಿಂಗ್ ಬ್ರಶ್ಶಿನಿಂದ
ನನ್ನ ಸಿಲಿಂಡರಿನ ರೆಗ್ಯುಲೇಟರಿಗೆ ಬಳಿದ.
ನಾವಿಬ್ಬರೂ ಕುಕ್ಕರುಗಾಲಲ್ಲಿ ಕೂತು ಕಾದೆವು.
ಕಡಲೆಯಷ್ಟು ಗುಳ್ಳೆ, ಗೋಲಿಯಷ್ಟು, ನಿಂಬೆಯಷ್ಟು,
ಅದರಲ್ಲಿ ಕಿಟಕಿ ಬಾಗಿ ಹೊಳೆಯಿತು,
ಬಿರಿಯಿತು. ಅದೇ ಜಾಗದಲ್ಲಿ
ಮತ್ತೊಂದು ಮೊಳೆಯಿತು.

"ಎಷ್ಟು ಹೋಗಿರಬಹುದು ಅಂಬು?"

ಅವನು ಬ್ರಶ್ಶು ಕೊಡವಿದ.
"ನೋಡುವ ಮೊದಲಾ ಟೀಚರೇ,
ನೋಡಿದ ಮೇಲಾ?"